ಕರೆಯೋಲೆ ಬಂದಿತು, ಎಲೆ ಹಾಕಿದರೆ?

ಮದುವೆಮನೆಗಳಲ್ಲಿ ಊಟ ಮಾಡಿ ಬೆಳೆದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಕರೆಯುವುದು ಬೇರೆ, ಎಲೆ ಹಾಕುವುದು ಬೇರೆ. ಲಗ್ನಪತ್ರಿಕೆಯಲ್ಲಿ ‘ಸಹಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚಾಗಿರುತ್ತದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೈಗಿಡುತ್ತಾರೆ. ಒಳಗೆ ಹೋಗಿ ನಿಂತರೆ ಮೊದಲ ಪಂಕ್ತಿ ತುಂಬಿರುತ್ತದೆ. ಎರಡನೆಯದು ಬೀಗರ ಕಡೆಯವರಿಗೆ. ಮೂರನೆಯ ಪಂಕ್ತಿಗೆ ಎಲೆ ಹಾಕುವ ಮಹಾರಾಯ ನಮ್ಮನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಾನೆ. ಯಾರೂ ನಮಗೆ ಅವಮಾನ ಮಾಡಿದ್ದಿಲ್ಲ. ಎದುರಾದವರೆಲ್ಲ ನಗುನಗುತ್ತ ‘ಊಟ ಆಯಿತೆ?’ ಎಂದು ಕೇಳುತ್ತಲೇ ಇರುತ್ತಾರೆ. ಹೊಟ್ಟೆ ಮಾತ್ರ ಖಾಲಿ!

ಈ ಹಳೆಯ ಅನುಭವ ನನಗೆ ಮತ್ತೆ ನೆನಪಾದದ್ದು ಯಾವ ಮದುವೆಯಿಂದಲೂ ಅಲ್ಲ. ಗುರುಗ್ರಾಮದ ಒಂದು ಗಾಜಿನ ಕಟ್ಟಡದಿಂದ. ಆ ಕಥೆಯನ್ನು ನಮ್ಮ ಸಂಘದ ಬಂಧುಗಳ ಮುಂದೆ ಹೇಳಿಕೊಳ್ಳಬೇಕೆನಿಸಿದೆ. ಅದರಲ್ಲಿ ನನ್ನ ತಪ್ಪೂ ಒಂದು ಪಾಲು ಇರುವುದರಿಂದ ಹೇಳುವುದು ಸ್ವಲ್ಪ ಕಷ್ಟವೇ.

ನನ್ನ ಅಕ್ಕನನ್ನು ಬೈಲಹೊಂಗಲಕ್ಕೆ ಕೊಟ್ಟಿದೆ. ಭಾವ ಸರ್ಕಾರಿ ಬಸ್ಸಿನ ಕಂಡಕ್ಟರು. ಅವರ ಹಿರಿಯ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಬೆಳಗಾವಿಯಲ್ಲಿದ್ದು ಕಾನೂನು ಓದಿದಳು. ನಮ್ಮ ಎರಡು ಮನೆತನಗಳಲ್ಲಿ ಕರಿ ಕೋಟು ತೊಟ್ಟವರು ಅವಳಿಗಿಂತ ಮೊದಲು ಟಿಕೆಟ್ ತಪಾಸಣೆಯವರೊಬ್ಬರು ಮಾತ್ರ. ಅವಳು ಸನ್ನದು ಪಡೆಯುವ ಹೊತ್ತಿಗೆ ಒಂದು ಒಳ್ಳೆಯ ಕಾಲ ಕೂಡಿಬಂದಿತ್ತು. ಮೊದಲು ವಕೀಲರ ಪರಿಷತ್ತುಗಳು ಸನ್ನದಿಗೆಂದು ರಾಜ್ಯಕ್ಕೊಂದು ಲೆಕ್ಕದಲ್ಲಿ ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು, 1961ರ ವಕೀಲರ ಕಾಯಿದೆಯಲ್ಲಿ ಬರೆದಷ್ಟೇ ತೆಗೆದುಕೊಳ್ಳಬೇಕು, ಹೆಚ್ಚಿಗೆ ಕೂಡದು ಎಂದು ತೀರ್ಪು ಕೊಟ್ಟಿತು. ಕಾಯಿದೆಯಲ್ಲಿರುವುದು ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಗೆ 125 ರೂಪಾಯಿ. ದೊಡ್ಡ ಶುಲ್ಕವು ಬಡವರ, ಹಿಂದುಳಿದವರ ಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತದೆ, ಇದು ಸಮಾನತೆಗೆ ವಿರುದ್ಧ ಎಂಬುದು ತೀರ್ಪಿನ ತಿರುಳು. ಭಾವ ಆ ದಿನ ನನಗೆ ಫೋನು ಮಾಡಿ, “ಉಳದ ರೊಕ್ಕದಾಗ ಆಕೀಗೆ ಎರಡು ಕೋಟು ಹೊಲಿಸೇನಿ” ಎಂದರು.

2025ರಲ್ಲಿ ಅವಳಿಗೆ ಗುರುಗ್ರಾಮದ ಒಂದು ವಕೀಲರ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಪರೀಕ್ಷೆಯ ಅವಧಿ. ನಮ್ಮ ಕಡೆ ವಕೀಲರ ಕಛೇರಿಯೆಂದರೆ ಕೋರ್ಟಿನ ಎದುರಿಗೆ ಒಂದು ಕೋಣೆ, ಒಬ್ಬ ಕಾರಕೂನ, ಗೋಡೆಯ ತುಂಬ ಕೆಂಪು ಬೈಂಡಿನ ಪುಸ್ತಕ, ಹೊರಗೆ ಬೆಂಚಿನ ಮೇಲೆ ಕಕ್ಷಿಗಾರರು. ಇಲ್ಲಿ ಹಾಗಲ್ಲ. ರ‍್ಯಾಪಿಡ್ ಮೆಟ್ರೊ ಇಳಿದು ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರದ ಕಟ್ಟಡ. ಪಾಲುದಾರರೆಂಬ ಹಿರಿಯರು, ಅವರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿಯರು, ಎಲ್ಲರ ಕೊರಳಲ್ಲೂ ಗುರುತಿನ ಚೀಟಿ. ಒಳಗಿನ ಗೋಡೆಯ ಮೇಲೆ ಬಣ್ಣಬಣ್ಣದ ಕೈಗಳು ಒಂದನ್ನೊಂದು ಹಿಡಿದ ಚಿತ್ರ. ನಮ್ಮಲ್ಲಿ ಎಲ್ಲರಿಗೂ ಸ್ಥಾನವುಂಟು ಎಂಬ ಅರ್ಥದ ಬರಹ. ಹೆಂಗಸರು, ಹಿಂದುಳಿದವರು, ಅಂಗವಿಕಲರು, ಬೇರೆ ಬೇರೆ ಪ್ರಾಂತಗಳವರು ಎಲ್ಲರೂ ಸೇರಿ ಕೆಲಸ ಮಾಡಬೇಕೆಂಬುದು ಈಗ ಅಂಥ ಕಂಪನಿಗಳ ನೀತಿಯಂತೆ. ವಿದೇಶದ ದೊಡ್ಡ ಕಕ್ಷಿಗಾರರೂ ಅದನ್ನು ಕೇಳುತ್ತಾರಂತೆ. ಕೇಳಿ ನನಗೆ ಬಹಳ ಸಂತೋಷವಾಯಿತು.

ಅವಳು ನಮ್ಮ ಮನೆಯಲ್ಲಿಯೇ ಇಳಿದುಕೊಂಡಳು. ಮೊದಲ ದಿನ ಸಂಜೆ ಬಂದವಳನ್ನು ಏನೇನಾಯಿತೆಂದು ನನ್ನ ಹೆಂಡತಿ ಕೇಳಿದಳು. ಒಬ್ಬ ಸಹೋದ್ಯೋಗಿ, “ನಿಮ್ಮ ತಂದೆ ಎಲ್ಲಿ ಪ್ರ್ಯಾಕ್ಟೀಸು?” ಎಂದು ಕೇಳಿದರಂತೆ. ಅಲ್ಲಿ ಬಹಳ ಮಂದಿಗೆ ತಂದೆಯೋ ಸೋದರಮಾವನೋ ವಕೀಲರು, ಇಲ್ಲವೆ ನ್ಯಾಯಾಧೀಶರು. ಇವಳು, “ಬೆಳಗಾವಿ–ಬೈಲಹೊಂಗಲ ರೂಟಿನಲ್ಲಿ” ಎಂದಳಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆದರೆ ಅಲ್ಲಿ ಯಾರೂ ನಗಲಿಲ್ಲವಂತೆ.

ಎರಡನೆಯ ವಾರ ಅವಳ ಫೋಟೋ ತೆಗೆದರು. ಏನೋ ಹಬ್ಬದ ದಿನ, ಎಲ್ಲರೂ ತಮ್ಮ ತಮ್ಮ ಪ್ರಾಂತದ ಉಡುಪಿನಲ್ಲಿ ಬರಬೇಕೆಂದಿದ್ದರು. ಅಕ್ಕನ ಇಳಕಲ್ ಸೀರೆ ಉಟ್ಟು ಹೋಗಿದ್ದಳು. ಆ ಫೋಟೋ ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗಿ ಬಂದಿತು. ನಾನು ಅದನ್ನು ನಮ್ಮ ಕಛೇರಿಗೆ ಒಯ್ದು ಎಲ್ಲರಿಗೂ ತೋರಿಸಿದೆ, ಮಿಠಾಯಿ ಹಂಚಿದೆ. ಸಂಜೆ ಅವಳ ಮುಂದೆ ಹೇಳಿಕೊಂಡರೆ ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, “ಮಾಮಾ, ಫೋಟೋ ಹಾಕ್ಯಾರ ಖರೆ. ಇನ್ನೂ ಒಂದ ಫೈಲ ಕೊಟ್ಟಿಲ್ಲ” ಎಂದಳು.

ಕೆಲಸವೆಂದರೆ ಕಾಗದ ಜೋಡಿಸುವುದು, ಪುಟಸಂಖ್ಯೆ ಹಾಕುವುದು, ಸಭೆ ನಡೆದರೆ ಮೂಲೆಯಲ್ಲಿ ಕುಳಿತು ಯಾರೇನೆಂದರೆಂದು ಬರೆದುಕೊಳ್ಳುವುದು. ಅವಳ ಜೊತೆಯಲ್ಲಿ ಸೇರಿದ, ದೊಡ್ಡ ಕಾಲೇಜುಗಳಿಂದ ಬಂದವರಿಗೆ ಆಗಲೇ ಕರಾರುಪತ್ರಗಳನ್ನು ಬರೆಯಲು ಕೊಟ್ಟಿದ್ದರು. ಇವಳನ್ನು ಯಾರೂ ಬಯ್ಯಲಿಲ್ಲ, ಜರೆಯಲಿಲ್ಲ. ‘ಹೇಗಿದ್ದೀರಿ, ಊರು ಹೊಂದಿತೆ, ಚಳಿ ತಡೆಯುತ್ತದೆಯೆ?’ ಎಂದು ಎಲ್ಲರೂ ವಿಚಾರಿಸುವವರೇ. ಪನ್ನೀರಾಯಿತು, ಕಲ್ಲುಸಕ್ಕರೆಯಾಯಿತು, ಎಲೆ ಮಾತ್ರ ಬೀಳಲಿಲ್ಲ.

ಇಂಥ ಸಮಯದಲ್ಲಿ ಸೋದರಮಾವನಾದವನು ಏನು ಹೇಳಬೇಕು? ನಾನು ಗುಮಾಸ್ತನ ಬುದ್ಧಿಯನ್ನೇ ಹೇಳಿದೆ. “ಸುಮ್ಮನಿರು. ಆರು ತಿಂಗಳು ಕಳೆಯಲಿ. ಯಾರಾದರೂ ಕೇಳಿದರೆ ಬೆಂಗಳೂರಿನವಳು ಅನ್ನು. ಅಪ್ಪ ಸಾರಿಗೆ ಇಲಾಖೆಯಲ್ಲಿದ್ದಾರೆ ಅಂದರೆ ಸುಳ್ಳೇನೂ ಆಗುವುದಿಲ್ಲ.” ಅವಳು ನನ್ನ ಮುಖವನ್ನೇ ನೋಡಿದಳು. “ನಮ್ಮಪ್ಪ ಟಿಕೀಟ ಹರದ ನನ್ನ ಓದಿಸ್ಯಾನು, ಮಾಮಾ” ಎಂದಳು. ನನಗೆ ಮುಂದೆ ಮಾತು ಹೊರಡಲಿಲ್ಲ.

ಸೋತ ಮಾತನ್ನು ಗೆಲ್ಲಿಸಿಕೊಳ್ಳಲು ನಾನು ಇತಿಹಾಸಕ್ಕೆ ಹೊಕ್ಕೆ. ಬಿ.ಎ. ಮಾಡಿದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಬೇಡವೆ? ನಿನ್ನ ವಕೀಲಿ ಲೋಕ ತಡವಾಗಿ ಕಣ್ಣು ಬಿಟ್ಟದ್ದು, ನಾವು ಸರ್ಕಾರಿ ನೌಕರರು ಮೊದಲೇ ಬಿಟ್ಟವರು ಎಂದೆ. 1916ರಲ್ಲಿ ರೆಜಿನಾ ಗುಹಾ ಎಂಬಾಕೆ ಕಾನೂನು ಪರೀಕ್ಷೆ ಮುಗಿಸಿ ವಕೀಲಿಗೆ ಅರ್ಜಿ ಹಾಕಿದಾಗ, ಕಾಯಿದೆಯಲ್ಲಿ ‘ವ್ಯಕ್ತಿ’ ಎಂದರೆ ಹೆಂಗಸು ಬರುವುದಿಲ್ಲವೆಂದು ಕಲ್ಕತ್ತೆಯ ಹೈಕೋರ್ಟು ತೀರ್ಮಾನಿಸಿತ್ತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೆ ಪಾಟ್ನಾದಲ್ಲಿಯೂ ಅದೇ ಉತ್ತರ. ಹೆಂಗಸೆಂಬ ಒಂದೇ ಕಾರಣಕ್ಕೆ ಸನ್ನದು ನಿರಾಕರಿಸುವಂತಿಲ್ಲವೆಂದು ಹೇಳಲು 1923ರಲ್ಲಿ ಬೇರೆಯೇ ಕಾಯಿದೆ ಬರಬೇಕಾಯಿತು.

ನಮ್ಮ ಮೈಸೂರಿನಲ್ಲಿ ನೋಡು, ಎಂದೆ. ಸರ್ಕಾರಿ ನೌಕರಿಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆಯೆಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಅದರ ಅಧ್ಯಕ್ಷರಾದ ಸರ್ ಲೆಸ್ಲಿ ಮಿಲ್ಲರ್ ಅವರು ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರು, ಅಂದರೆ ಕಾನೂನಿನ ಮನುಷ್ಯರೇ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರ ಸಮುದಾಯಗಳವರು ಇರಬೇಕೆಂದು ಅವರ ಸಮಿತಿ ಹೇಳಿತು. 1921ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು. ಹೀಗೆ ಮಾಡಿದರೆ ಯೋಗ್ಯತೆ ಕುಂದುತ್ತದೆಂದು ಅಳುಕಿದವರಲ್ಲಿ ದಿವಾನ್ ವಿಶ್ವೇಶ್ವರಯ್ಯನವರಂಥ ದೊಡ್ಡವರೂ ಇದ್ದರು. ಆದರೂ ಬಾಗಿಲು ತೆರೆಯಿತು; ಸಂಸ್ಥಾನವೇನೂ ಮುಳುಗಲಿಲ್ಲ.

ಅವಳು ಎಲ್ಲವನ್ನೂ ಕೇಳಿದಳು. ಕೊನೆಗೆ, “ಬಾಗಲಾ ತೆಗದ್ರು ಮಾಮಾ, ಒಳಗ ಬಂದವರಿಗೆ ಕೆಲಸಾ ಕೊಟ್ರೇನು?” ಎಂದು ಕೇಳಿದಳು. ಅದಕ್ಕೆ ಉತ್ತರ ನನ್ನ ಇತಿಹಾಸದ ಪುಸ್ತಕದಲ್ಲಿರಲಿಲ್ಲ. ನನ್ನ ಕಛೇರಿಯಲ್ಲಿತ್ತು. ಅದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಅಷ್ಟರಲ್ಲಿ ಅವಳ ಕಂಪನಿಯಲ್ಲಿ ಒಂದು ಪ್ರಸಂಗ ನಡೆಯಿತು. ಯಾರೋ ಕಕ್ಷಿಗಾರರು ನಮ್ಮ ನಾಡಿನಲ್ಲಿ ಗೋದಾಮಿಗೆಂದು ಹೊಲವೊಂದನ್ನು ಕೊಳ್ಳುವವರಿದ್ದರು. ಪಹಣಿ ಕನ್ನಡದಲ್ಲಿತ್ತು, ಅದರ ಇಂಗ್ಲಿಷ್ ಅನುವಾದವನ್ನು ಎಲ್ಲಿಂದಲೋ ಮಾಡಿಸಿ ತಂದಿದ್ದರು. ಇವಳಿಗೆ ಅದನ್ನು ಜೋಡಿಸಿ ಹೊಲಿಗೆ ಹಾಕುವ ಕೆಲಸ. ಜೋಡಿಸುತ್ತ ಮೂಲವನ್ನು ಓದಿದಳು. ಒಟ್ಟು ವಿಸ್ತೀರ್ಣ 6 ಎಕರೆ 20 ಗುಂಟೆ. ‘ಅ’ ಖರಾಬು 8 ಗುಂಟೆ. ‘ಬ’ ಖರಾಬು 22 ಗುಂಟೆ. ಉಳಿದದ್ದು 5 ಎಕರೆ 30 ಗುಂಟೆ. ಅನುವಾದದಲ್ಲಿ ಎರಡೂ ಖರಾಬುಗಳನ್ನು ಕೂಡಿಸಿ, 30 ಗುಂಟೆ ಕೆಟ್ಟ ನೆಲ ಎಂದು ಬರೆದುಬಿಟ್ಟಿದ್ದರು. ಕೆಟ್ಟ ನೆಲವಾದರೇನು, ಗೋದಾಮು ಕಟ್ಟಲು ಫಲವತ್ತಾದ ಮಣ್ಣು ಬೇಕೆ ಎಂದು ಎಲ್ಲರೂ ಸುಮ್ಮನಿದ್ದರು.

ಹೊಲಮನೆ ಇದ್ದವರಿಗೆ ಇದರ ಮರ್ಮ ಗೊತ್ತು. ‘ಅ’ ಖರಾಬೆಂದರೆ ಸಾಗುವಳಿಗೆ ಬಾರದ ಜಾಗ. ರೈತನ ಮನೆ, ಕಣ ಇಂಥವು ಅದರಲ್ಲಿ ಸೇರುತ್ತವೆ. ಅದು ಹಿಡುವಳಿದಾರನ ಕೈಯಲ್ಲೇ ಇರುತ್ತದೆ. ‘ಬ’ ಖರಾಬು ಹಾಗಲ್ಲ. ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಮಾರುವ ಹಕ್ಕು ಹೊಲದವನಿಗಿಲ್ಲ. ಮಾರುವವನು ಆರೂವರೆ ಎಕರೆಯ ಹಣ ಕೇಳುತ್ತಿದ್ದ. ಅದರಲ್ಲಿ 22 ಗುಂಟೆ ಊರ ಹಳ್ಳ! ಹುಡುಗಿ ಸಭೆಯಲ್ಲಿ ಎದ್ದು ಹೇಳಲು ಹೋದಳು. “ನೀವು ಬರೆದುಕೊಳ್ಳಿ, ಆಮೇಲೆ ನೋಡೋಣ” ಎಂದರಂತೆ. ಅವಳು ಬರೆದೇ ಬರೆದಳು. ಒಂದು ಹಾಳೆಯಲ್ಲಿ ಎಲ್ಲವನ್ನೂ ನಿಯಮಸಹಿತ ಬರೆದು ಹಿರಿಯರ ಮೇಜಿನ ಮೇಲಿಟ್ಟು ಬಂದಳು. ಎರಡು ದಿನಗಳ ಮೇಲೆ ಆ ಕ್ರಯಪತ್ರದ ಮಾತು ನಿಂತಿತು.

ನಮ್ಮ ಮನೆಯಲ್ಲಿ ಹಬ್ಬವೋ ಹಬ್ಬ. ಇನ್ನು ಚಿಂತೆಯಿಲ್ಲ, ಎಲೆ ಬಿತ್ತು ಎಂದುಕೊಂಡೆ. ಎಲೆಯೇನೋ ಬಿತ್ತು, ಅದರ ಮೇಲೆ ಬಡಿಸಿದ್ದು ಮಾತ್ರ ಕೋಸಂಬರಿಯೊಂದೇ. ಅಂದಿನಿಂದ ಕಂಪನಿಯಲ್ಲಿ ಎಲ್ಲಿ ಕನ್ನಡದ ಕಾಗದ ಕಂಡರೂ ಇವಳ ಮೇಜಿಗೆ ಬರತೊಡಗಿತು. ಬೇರೆ ಯಾವುದೂ ಬರಲಿಲ್ಲ. ಒಂದು ರಾತ್ರಿ ಅವಳು ಹೇಳಿದ ಮಾತನ್ನು ನಾನು ಮರೆಯಲಾರೆ. “ಕನ್ನಡ ಬರ್ತೈತಂತ ಕೆಲಸಾ ಕೊಟ್ರು, ಚಲೋ ಆತು. ನನಗ ಕಾನೂನೂ ಬರ್ತೈತಲ್ಲ ಮಾಮಾ? ನಿಮ್ಮ ಆಫೀಸಿನಾಗ ನಿಮಗ ಹಿಂಗ ಮಾಡಿದ್ರ ಹೆಂಗ ಅನಸ್ತಿತ್ತು?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ವಿಭಾಗಕ್ಕೆ ಮೂರು ವರ್ಷದ ಹಿಂದೆ ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರು ಬಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4 ಅಂಗವಿಕಲರಿಗೆ, ಅದರಲ್ಲಿ 1 ದೃಷ್ಟಿಯಿಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ ಮೀಸಲು. ಆ ಲೆಕ್ಕದಲ್ಲಿ ನ್ಯಾಯವಾಗಿ, ಪರೀಕ್ಷೆ ಬರೆದು ಬಂದವರು. ನಾವೆಲ್ಲ ಅವರನ್ನು ಎಷ್ಟು ಆದರಿಸಿದೆವು! ಮೆಟ್ಟಿಲ ಬಳಿ ಕೈ ಹಿಡಿದೆವು, ಚಹಾ ತಂದುಕೊಟ್ಟೆವು. ಕಡತ ಮಾತ್ರ ಕೊಡಲಿಲ್ಲ. ‘ಪಾಪ, ಅವರಿಗೇಕೆ ತೊಂದರೆ’ ಎಂದು ಅವರ ಪಾಲಿನ ಕೆಲಸವನ್ನು ನಮ್ಮೊಳಗೇ ಹಂಚಿಕೊಂಡೆವು. ಅದನ್ನು ಹಂಚುವ ಚೀಟಿ ಬರೆಯುತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ. ಮೂರು ವರ್ಷ ಆ ಮನುಷ್ಯ ಬೆಳಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದೂವರೆಯವರೆಗೆ ಕೈಕಟ್ಟಿ ಕುಳಿತಿದ್ದರು. ನಾನು ಅದನ್ನು ದಯೆಯೆಂದು ತಿಳಿದಿದ್ದೆ!

ಮರುದಿನ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಕಡತ ಓದಲು ನಿಮಗೆ ಏನು ಬೇಕು ಎಂದು ಕೇಳಿದೆ. ಮೂರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಅವರ ಕಂಪ್ಯೂಟರಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ವ್ಯವಸ್ಥೆಯಿದೆ. ಬೆರಳಚ್ಚು ಮಾಡಿದ ಅಕ್ಷರವನ್ನು ಅದು ಸರಾಗವಾಗಿ ಓದುತ್ತದೆ. ಕೈಬರಹದ ಕಾಗದವನ್ನು ಚಿತ್ರವಾಗಿ ತೆಗೆದು ಸೇರಿಸಿದರೆ ಅದಕ್ಕೆ ಓದಲು ಬಾರದು. ಅಂದರೆ ನಾವು ಟಿಪ್ಪಣಿಯನ್ನು ಕೈಯಲ್ಲಿ ಗೀಚುವ ಬದಲು ಬೆರಳಚ್ಚು ಮಾಡಿದರೆ ಸಾಕಿತ್ತು. ಇಷ್ಟೇ! 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ, ದೃಷ್ಟಿಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯ ಪರೀಕ್ಷೆಯಿಂದ ಹೊರಗಿಡಕೂಡದೆಂದು ತೀರ್ಪು ಕೊಟ್ಟಿದೆ. ಅದಕ್ಕೆ ಮೊದಲೇ, 2023ರ ಸೆಪ್ಟೆಂಬರಿನಲ್ಲಿ, ಕಿವಿ ಕೇಳಿಸದ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರು ಸಂಜ್ಞಾಭಾಷೆಯ ದುಭಾಷಿಯ ನೆರವಿನಿಂದ ಅದೇ ನ್ಯಾಯಾಲಯದ ಮುಂದೆ ಹಾಜರಾಗಿದ್ದರು. ಅಷ್ಟು ದೊಡ್ಡ ಕಡೆ ಆಗುವ ಕೆಲಸ ನಮ್ಮ ನಾಲ್ಕು ಮೇಜಿನ ವಿಭಾಗದಲ್ಲಿ ಆಗಬಾರದೆ?

ಕಡತ ಕೊಟ್ಟೆ. ಮೊದಲ ವಾರ ಅವರು ಒಂದು ಪತ್ರದಲ್ಲಿ ಉಲ್ಲೇಖದ ಸಂಖ್ಯೆಯನ್ನು ತಪ್ಪಾಗಿ ಹಾಕಿದರು. ಪೇಚಿಗೆ ಸಿಕ್ಕಿಕೊಂಡೆ. ನಾನೇ ಸದ್ದಿಲ್ಲದೆ ತಿದ್ದಿಬಿಡಲೆ? ಅದೂ ಹಳೆಯ ದಯೆಯೇ ಅಲ್ಲವೆ? ವಾಪಸು ಕಳಿಸಿ, “ಸಂಖ್ಯೆ ತಪ್ಪಿದೆ, ಸರಿಪಡಿಸಿ ಕೊಡಿ” ಎಂದೆ. ಅವರು ನಕ್ಕುಬಿಟ್ಟರು. “ಈ ಕಛೇರಿಯಲ್ಲಿ ಇವತ್ತು ಮೊದಲ ಸಲ ನನ್ನ ತಪ್ಪು ಹಿಡಿದಿದ್ದೀರಿ” ಎಂದರು. ಅವರ ಧ್ವನಿಯಲ್ಲಿ ನೋವಿರಲಿಲ್ಲ.

ನಮ್ಮ ಹುಡುಗಿ ನಾನು ಹೇಳಿದಂತೆ ಸುಮ್ಮನೆ ಕೂಡಲಿಲ್ಲ, ಒಳ್ಳೆಯದಾಯಿತು. ಐದನೆಯ ತಿಂಗಳಲ್ಲಿ ಒಬ್ಬ ಹಿರಿಯ ಪಾಲುದಾರರ ಕೋಣೆಗೆ ತಾನಾಗಿಯೇ ಹೋದಳು. ಅವರು ಹೆಂಗಸು. “ನನಗೆ ಒಂದು ಪೂರ್ತಿ ಕೆಲಸ ಕೊಡಿ, ಕೆಟ್ಟರೆ ಹೇಳಿ” ಎಂದು ಕೇಳಿದಳಂತೆ. ಅವರು ಒಂದು ನೋಟೀಸಿಗೆ ಉತ್ತರ ಬರೆಯಲು ಕೊಟ್ಟರು. ಕರ್ನಾಟಕಕ್ಕೂ ಅದಕ್ಕೂ ಸಂಬಂಧವಿಲ್ಲ. ಹರಿಯಾಣದ ಬಾಡಿಗೆಯ ತಕರಾರು. ಮೂರು ರಾತ್ರಿ ಕುಳಿತು ಬರೆದಳು. ಕೆಂಪು ಶಾಯಿಯಲ್ಲಿ ತುಂಬ ತಿದ್ದುಪಡಿಯಾಗಿ ಹಾಳೆ ತಿರುಗಿ ಬಂತು. ನಾನು ಕಂಡು ಗಾಬರಿಯಾದೆ. ಅವಳ ಮುಖ ಮಾತ್ರ ಬೆಳಗುತ್ತಿತ್ತು. “ಬ್ಯಾರೇದವರ ಕೈಯಾಗ ಕೊಟ್ಟಿಲ್ಲ ಮಾಮಾ. ನನಗ ತಿರುಗಿ ಬರಿ ಅಂದಾರ” ಎಂದಳು. ಎರಡನೆಯ ಸಲದ ಕೆಂಪು ಕಡಿಮೆಯಿತ್ತು. ಮೂರನೆಯದು ಅವಳ ಹೆಸರಿನ ಗುರುತಿನೊಂದಿಗೆ ಹೊರಗೆ ಹೋಯಿತು. ಅವಳ ಪರೀಕ್ಷೆಯ ಅವಧಿ ಮುಗಿದು ಕೆಲಸ ಕಾಯಮ್ಮಾಯಿತು. ಈಗ ಕನ್ನಡದ ಕಾಗದಗಳೂ ಬರುತ್ತವೆ, ಬೇರೆಯವೂ ಬರುತ್ತವೆ.

ಬಾಗಿಲು ತೆರೆಯುವುದು ಸಣ್ಣ ಕೆಲಸವೆಂದು ನಾನು ಹೇಳುವುದಿಲ್ಲ. ಕಾಯಿದೆಯಿಲ್ಲದೆ, ತೀರ್ಪಿಲ್ಲದೆ ಅದು ತೆರೆಯುವುದಿಲ್ಲ. 2025ರ ಜನವರಿಯಲ್ಲಿಯೂ ಬೆಂಗಳೂರಿನ ವಕೀಲರ ಸಂಘದಲ್ಲಿ ಖಜಾಂಚಿಯ ಸ್ಥಾನವನ್ನು ಮಹಿಳೆಗೆ ಮೀಸಲಿಡಿ ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಮಂಡ್ಯ ಸೀಮೆಯ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅವರ ಮಗಳು ಬಿ. ವಿ. ನಾಗರತ್ನ ಅವರು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಜ್ಯೇಷ್ಠತೆಯ ಸರದಿ ಹೀಗೆಯೇ ನಡೆದರೆ 2027ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಗಳಾಗಬೇಕು. ಆ ಪೀಠದಲ್ಲಿ ಕೂಡುವ ಮೊದಲ ಮಹಿಳೆ. ಹಿರಿಯ ನ್ಯಾಯಾಧೀಶರ ಮಗಳಿಗೇ ಮೊದಲನೆಯವರಾಗಲು ಇಷ್ಟು ಕಾಲ ಬೇಕಾದರೆ ಕಂಡಕ್ಟರ ಮಗಳ ಹಾದಿ ಎಷ್ಟು ದೂರವೋ, ಯೋಚಿಸಿ.

ಆದರೆ ಬಾಗಿಲಿನಿಂದ ಎಲೆಯವರೆಗಿನ ನಾಲ್ಕು ಹೆಜ್ಜೆಗೆ ಕಾಯಿದೆ ಬರೆಯಲು ಬಾರದು. ಅದು ಪಕ್ಕದ ಮೇಜಿನವನ ಕೈಯಲ್ಲಿದೆ. ನಮ್ಮ ಹಿರಿಯರು ಪಂಕ್ತಿಭೇದವನ್ನು ಪಾಪವೆಂದರು. ಬಡಿಸದಿರುವುದು ಮಾತ್ರ ಪಂಕ್ತಿಭೇದವಲ್ಲ. ಕೆಲವರಿಗೆ ಕೋಸಂಬರಿ ಮಾತ್ರ ಬಡಿಸಿ ಮುಂದೆ ಹೋಗುವುದೂ ಪಂಕ್ತಿಭೇದವೇ. ಒಬ್ಬನನ್ನು ನಮ್ಮವನೆಂದು ಒಪ್ಪಿಕೊಂಡೆವೋ ಇಲ್ಲವೋ ತಿಳಿಯಬೇಕಾದರೆ ಅವನ ಫೋಟೋ ಎಲ್ಲಿದೆಯೆಂದು ನೋಡಬೇಡಿ; ಅವನು ತಪ್ಪು ಮಾಡಿದಾಗ ಆ ಹಾಳೆ ಯಾರ ಮೇಜಿಗೆ ಹೋಗುತ್ತದೆಯೆಂದು ನೋಡಿ.

ಹೋದ ತಿಂಗಳು ಭಾವ ಊರಿನಿಂದ ಬಂದಿದ್ದರು. ಮಗಳ ಕಟ್ಟಡವನ್ನು ಹೊರಗಿನಿಂದ ತಲೆಯೆತ್ತಿ ನೋಡಿದರು. ಮನೆಗೆ ಬಂದ ಮೇಲೆ ಅವಳು ಫೋಟೋ ಇದ್ದ ಆ ಕೈಪಿಡಿಯನ್ನು ತೋರಿಸಲಿಲ್ಲ. ಕೆಂಪು ಶಾಯಿಯ ಮೊದಲ ಹಾಳೆಯನ್ನು ತೆಗೆದು ತಂದೆಯ ಕೈಗಿಟ್ಟಳು. ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಭಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇಷ್ಟ ತಿದ್ಯಾರಂದ್ರ, ಪೂರ್ತಿ ಓದ್ಯಾರ ಬಿಡು” ಎಂದರು.